ಅರೆ ಉರಿಯ ಲೆಕ್ಕ



ಚಳಿಗಾಲ ಬಂತೆಂದರೆ ಪತ್ರಿಕೆಯ ಒಳಪುಟದಲ್ಲಿ ಒಂದು ಸುದ್ದಿ ಕಾಣಿಸಿಕೊಳ್ಳುತ್ತದೆ. ಕಿಟಕಿ ಮುಚ್ಚಿದ ಪುಟ್ಟ ಸ್ನಾನದ ಮನೆ, ಗೋಡೆಯ ಮೇಲೊಂದು ಗ್ಯಾಸ್ ಗೀಸರ್, ಒಳಗೆ ಹೋದವರು ಎಷ್ಟು ಹೊತ್ತಾದರೂ ಬಾಗಿಲು ತೆರೆಯಲಿಲ್ಲ. ಅಲ್ಲಿ ಸಿಲಿಂಡರ್ ಸಿಡಿದಿರುವುದಿಲ್ಲ, ಬೆಂಕಿ ಹತ್ತಿರುವುದಿಲ್ಲ. ಉರಿಗೆ ಸಾಕಷ್ಟು ಗಾಳಿ ಸಿಕ್ಕಿರುವುದಿಲ್ಲ, ಅಷ್ಟೆ. ಗಾಳಿ ಸಾಲದ ಉರಿಯಲ್ಲಿ ಇಂಗಾಲವು ಡೈಆಕ್ಸೈಡ್ ಆಗುವ ಬದಲು ಮೊನಾಕ್ಸೈಡಿನಲ್ಲೇ ನಿಂತುಬಿಡುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಬಿಟ್ಟು ಇದನ್ನೇ ಅಪ್ಪಿಕೊಳ್ಳುತ್ತದೆ.

ಈ ಅನಿಲವನ್ನೇ ದಿನಕ್ಕೆ ಸಾವಿರಾರು ಟನ್ ಲೆಕ್ಕದಲ್ಲಿ, ಬೇಕೆಂದೇ, ಕೋಟ್ಯಂತರ ರೂಪಾಯಿ ಸುರಿದು ತಯಾರಿಸುವ ಕಾರ್ಖಾನೆಗಳಿವೆ. ನನ್ನ ಇವತ್ತಿನ ಮಾತು ಅವುಗಳ ಬಗ್ಗೆ. ವಿಷಯದ ಶಾಸ್ತ್ರೀಯ ಹೆಸರು ‘ನೈಸರ್ಗಿಕ ಅನಿಲದ ಭಾಗಶಃ ಉತ್ಕರ್ಷಣೆ’. ಆಹ್ವಾನ ಪತ್ರಿಕೆಯಲ್ಲಿ ಅದನ್ನು ಓದಿದ ಮೇಲೂ ಇಷ್ಟು ಜನ ಬಂದು ಕುಳಿತಿದ್ದೀರಿ, ನಾನು ಕೃತಜ್ಞ. ಮಾತಿನ ಅನುಕೂಲಕ್ಕೆ ಅರೆ ಉರಿ ಎನ್ನುತ್ತೇನೆ.

ಅರೆ ಉರಿಯಿಂದ ಸಿಗುವುದು ಕಾರ್ಬನ್ ಮೊನಾಕ್ಸೈಡ್ ಮತ್ತು ಜಲಜನಕದ ಮಿಶ್ರಣ. ಕಾರ್ಖಾನೆಯವರು ಇದಕ್ಕೆ ಸಿಂಗ್ಯಾಸ್ ಎನ್ನುತ್ತಾರೆ. ಜಲಜನಕವನ್ನು ಬೇರ್ಪಡಿಸಿಕೊಂಡು ಗಾಳಿಯ ಸಾರಜನಕದ ಜೊತೆ ಕೂಡಿಸಿದರೆ ಅಮೋನಿಯಾ, ಅದರಿಂದ ಯೂರಿಯಾ. ಎರಡನ್ನೂ ತಾಮ್ರದ ಕ್ರಿಯಾವರ್ಧಕದ ಮೇಲೆ ಹಾಯಿಸಿದರೆ ಮೆಥನಾಲ್. ಕೋಬಾಲ್ಟ್ ಅಥವಾ ಕಬ್ಬಿಣದ ಮೇಲೆ ಹಾಯಿಸಿದರೆ ಮೇಣ, ಡೀಸೆಲ್, ಸೀಮೆಎಣ್ಣೆ. ಕೊನೆಯದು ಜರ್ಮನಿಯ ಮ್ಯೂಲ್‌ಹೈಮ್‌ನ ಕಲ್ಲಿದ್ದಲು ಸಂಶೋಧನಾ ಸಂಸ್ಥೆಯಲ್ಲಿ ಫ್ರಾಂಜ್ ಫಿಷರ್ ಮತ್ತು ಹಾನ್ಸ್ ಟ್ರೋಪ್ಶ್ 1925ರ ಸುಮಾರಿಗೆ ಕಂಡುಕೊಂಡ ದಾರಿ. ಎಣ್ಣೆ ಇಲ್ಲದ ದೇಶ ಎಣ್ಣೆ ಮಾಡಿಕೊಳ್ಳಲು ಹೊರಟಾಗ ಹುಟ್ಟಿದ್ದು.

ಇದರ ಬಗ್ಗೆ ಓದುವಾಗ, ಕೇಳುವಾಗ ಎಲ್ಲರ ಕಣ್ಣೂ ನೈಸರ್ಗಿಕ ಅನಿಲದ ಮೇಲಿರುತ್ತದೆ. ಅನಿಲ ಎಲ್ಲಿಂದ ಬಂತು, ಬೆಲೆ ಎಷ್ಟು, ಎಷ್ಟು ವರ್ಷಕ್ಕೆ ಸಾಕು. ಇಲ್ಲವಾದರೆ ಮುಗಿದ ಸರಕಿನ ಮೇಲಿರುತ್ತದೆ. ನನ್ನ ವಾದ ಬೇರೆ. ಈ ಉದ್ಯಮದ ಏಳುಬೀಳುಗಳನ್ನು ಅರ್ಥ ಮಾಡಿಕೊಳ್ಳಬೇಕಾದರೆ ನೋಡಬೇಕಾದ್ದು ಮೂರನೆಯ ವಸ್ತುವನ್ನು. ಅದು ಆಮ್ಲಜನಕ. ಗಾಳಿಯಲ್ಲಿ ಬಿಟ್ಟಿಯಾಗಿ ಸಿಗುವ ಈ ವಸ್ತುವೇ ಇಲ್ಲಿನ ದುಬಾರಿ ಸರಕು. ಅರೆ ಉರಿಯ ಚರಿತ್ರೆ ಬಹುಮಟ್ಟಿಗೆ ಆಮ್ಲಜನಕದ ಚರಿತ್ರೆ.

ಮೊದಲು ಲೆಕ್ಕ. ಹೆದರಬೇಡಿ, ಪಿಯುಸಿ ಮಟ್ಟ ದಾಟುವುದಿಲ್ಲ.

ನೈಸರ್ಗಿಕ ಅನಿಲದ ಬಹುಪಾಲು ಮೀಥೇನ್. ಒಂದು ಇಂಗಾಲ, ನಾಲ್ಕು ಜಲಜನಕ. 16 ಗ್ರಾಂ ಮೀಥೇನನ್ನು ಪೂರ್ತಿ ಸುಡಲು 64 ಗ್ರಾಂ ಆಮ್ಲಜನಕ ಬೇಕು. 802 ಕಿಲೋಜೂಲ್ ಶಾಖ ಹೊರಬರುತ್ತದೆ, ಉಳಿಯುವುದು ಕಾರ್ಬನ್ ಡೈಆಕ್ಸೈಡ್ ಮತ್ತು ನೀರಾವಿ. ಈಗ ಆಮ್ಲಜನಕವನ್ನು ಕಾಲುಪಾಲಿಗೆ ಇಳಿಸಿ. 16 ಗ್ರಾಂ ಮೀಥೇನಿಗೆ 16 ಗ್ರಾಂ ಆಮ್ಲಜನಕ, ತೂಕಕ್ಕೆ ತೂಕ. ಎಲ್ಲವೂ ಪುಸ್ತಕದಲ್ಲಿರುವಂತೆ ನಡೆದರೆ 28 ಗ್ರಾಂ ಕಾರ್ಬನ್ ಮೊನಾಕ್ಸೈಡ್, 4 ಗ್ರಾಂ ಜಲಜನಕ ಸಿಗುತ್ತವೆ. ಶಾಖ ಮಾತ್ರ ಬರೀ 36 ಕಿಲೋಜೂಲ್. ಮೀಥೇನಿನಲ್ಲಿದ್ದ ಉಷ್ಣಶಕ್ತಿಯ ಶೇಕಡ 95ರಷ್ಟು ಇನ್ನೂ ಅನಿಲದಲ್ಲೇ ಉಳಿದಿದೆ. ಅರೆ ಉರಿಯ ಆಕರ್ಷಣೆ ಇದು.

ಇದನ್ನು ವಿವರಿಸುವಾಗ ಬೆಲ್ಲದ ಪಾಕದ ಹೋಲಿಕೆ ಕೊಡುವುದುಂಟು. ಎಳೆ ಬಂದ ಹೊತ್ತಿಗೆ ಒಲೆಯಿಂದ ಇಳಿಸಬೇಕು, ಮೀರಿದರೆ ಕೆಟ್ಟಿತು ಅಂತ. ಕೇಳಲು ಚೆನ್ನಾಗಿದೆ, ಆದರೆ ರಸಾಯನಶಾಸ್ತ್ರ ಹಾಗೆ ನಡೆಯುವುದಿಲ್ಲ. ಪ್ರತಿಯೊಂದು ಅಣುವೂ ಅರ್ಧ ಉರಿದು ನಿಲ್ಲುತ್ತದೆ ಎಂದು ಭಾವಿಸಿದರೆ ಕುಲುಮೆಯೊಳಗಿನ ಉಷ್ಣತೆಯ ಏರಿಳಿತಕ್ಕೆ ಅರ್ಥವೇ ಸಿಗುವುದಿಲ್ಲ. ಫ್ರಾನ್ಸಿನ ಪ್ರೆತ್ರ್ ಮತ್ತು ಸಂಗಡಿಗರು 1946ರಲ್ಲಿ ನಿಕಲ್ ಕ್ರಿಯಾವರ್ಧಕದ ಹಾಸಿನ ಮೇಲೆ ಈ ಕ್ರಿಯೆಯನ್ನು ನಡೆಸಿ ನೋಡಿದರು. ಅನಿಲ ಒಳಹೊಗುವ ಜಾಗದಲ್ಲಿ ಉಷ್ಣತೆ ಥಟ್ಟನೆ ಏರುತ್ತಿತ್ತು, ಮುಂದೆ ಸಾಗಿದಂತೆ ಇಳಿಯುತ್ತಿತ್ತು. 36 ಕಿಲೋಜೂಲಿನ ಬಡ ಕ್ರಿಯೆಗೆ ಅಷ್ಟು ಝಳ ಎಲ್ಲಿಂದ ಬರಬೇಕು?

ಅವರು ಕಂಡುಕೊಂಡ ಉತ್ತರ ಇದು. ನಾಲ್ಕು ಮೀಥೇನ್ ಅಣುಗಳಿಗೆ ಎರಡು ಆಮ್ಲಜನಕ ಅಣುಗಳು ಎಂದಿಟ್ಟುಕೊಳ್ಳಿ. ಮೊದಲು ಒಂದು ಮೀಥೇನ್ ಇರುವ ಆಮ್ಲಜನಕವನ್ನೆಲ್ಲ ಕಬಳಿಸಿ ಪೂರ್ತಿ ಉರಿದುಹೋಗುತ್ತದೆ. ಹುಟ್ಟಿದ್ದು ಒಂದು ಕಾರ್ಬನ್ ಡೈಆಕ್ಸೈಡ್, ಎರಡು ನೀರು, 802 ಕಿಲೋಜೂಲ್ ಶಾಖ. ಮಿಕ್ಕ ಮೂರು ಮೀಥೇನುಗಳಿಗೆ ಆಮ್ಲಜನಕವೇ ಇಲ್ಲ. ಅವುಗಳಲ್ಲಿ ಒಂದು ಆ ಡೈಆಕ್ಸೈಡಿನ ಮೇಲೆ ಬೀಳುತ್ತದೆ, 247 ಕಿಲೋಜೂಲ್ ನುಂಗುತ್ತದೆ. ಇನ್ನೆರಡು ನೀರಾವಿಯ ಜೊತೆ ಕೂಡುತ್ತವೆ, ತಲಾ 206 ನುಂಗುತ್ತವೆ. ಕೊನೆಗೆ ನಾಲ್ಕು ಮೊನಾಕ್ಸೈಡ್, ಎಂಟು ಜಲಜನಕ. 802ರಲ್ಲಿ 247 ಕಳೆಯಿರಿ, 412 ಕಳೆಯಿರಿ, ಉಳಿದದ್ದು 143. ನಾಲ್ಕರಿಂದ ಭಾಗಿಸಿ: 36 ಬಂತಲ್ಲ! ಅಂದರೆ ಇಲ್ಲಿ ಯಾರೂ ಅರ್ಧ ಉರಿಯುವುದಿಲ್ಲ. ಒಂದು ಪೂರ್ತಿ ಉರಿಯುತ್ತದೆ. ಅದರ ಶಾಖವನ್ನೂ ಹೊಗೆಯನ್ನೂ ತಿಂದು ಉಳಿದ ಮೂರು ರೂಪಾಂತರಗೊಳ್ಳುತ್ತವೆ. ಹದ ಮೀರಿದ್ದು ಇಲ್ಲಿ ಹದಕ್ಕೆ ಮರಳಿ ಬರುತ್ತದೆ, ಬೇಕಾದಷ್ಟು ಬಿಸಿಯಿದ್ದರೆ.

ಎಲ್ಲ ಸಂದರ್ಭದಲ್ಲೂ ಹೀಗೆಯೇ ಎಂದು ಪ್ರಮಾಣ ಮಾಡಲಾರೆ. ಆಕ್ಸ್‌ಫರ್ಡಿನ ಗುಂಪೊಂದು 1990ರಲ್ಲಿ ಈ ವಿಷಯವನ್ನು ಮತ್ತೆ ಕೆದಕಿತು. ಮಿನ್ನೆಸೋಟಾ ವಿಶ್ವವಿದ್ಯಾಲಯದ ಹಿಕ್‌ಮನ್ ಮತ್ತು ಲ್ಯಾನಿ ಶ್ಮಿಟ್ 1993ರಲ್ಲಿ ರೋಡಿಯಂ ಲೇಪಿಸಿದ ಜೇನುಗೂಡಿನಂಥ ಪಿಂಗಾಣಿಯ ಮೂಲಕ ಅನಿಲವನ್ನು ಕೆಲವೇ ಮಿಲಿಸೆಕೆಂಡಿನಲ್ಲಿ ಹಾಯಿಸಿ, ಮೀಥೇನ್ ನೇರವಾಗಿಯೇ ಸಿಂಗ್ಯಾಸ್ ಆಗಬಹುದು ಎಂದು ತೋರಿಸಿದರು. ನೇರವೋ ಬಳಸುದಾರಿಯೋ ಎಂಬ ಜಗಳ ಹತ್ತಾರು ವರ್ಷ ನಡೆಯಿತು. ಪ್ರಬಂಧ ಬರೆಯುವವರಿಗೆ ಒಳ್ಳೆಯ ಫಸಲು. ದೊಡ್ಡ ಕಾರ್ಖಾನೆಗಳು ಮಾತ್ರ ರೋಡಿಯಂ ಇಲ್ಲದೆ, ಯಾವ ಕ್ರಿಯಾವರ್ಧಕವೂ ಇಲ್ಲದೆ ಬರೀ ಜ್ವಾಲೆಯಿಂದಲೇ ಕೆಲಸ ಸಾಗಿಸುತ್ತಿವೆ.

ಆ ಜ್ವಾಲೆಯ ಮನೆಗೆ ಗ್ಯಾಸಿಫೈಯರ್ ಎನ್ನುತ್ತಾರೆ. ನೆಟ್ಟಗೆ ನಿಂತ ಉಕ್ಕಿನ ಪಾತ್ರೆ, ಒಳಗೆ ಬೆಂಕಿ ಇಟ್ಟಿಗೆಯ ಅಸ್ತರಿ, ನೆತ್ತಿಯಲ್ಲೊಂದು ಬರ್ನರ್. ಒಳಗಿನ ಉಷ್ಣತೆ 1300 ಡಿಗ್ರಿ ಸೆಲ್ಸಿಯಸ್ಸಿನ ಆಚೀಚೆ, ಒತ್ತಡ ವಾತಾವರಣದ ಮೂವತ್ತು ನಲವತ್ತು ಪಟ್ಟು, ಕೆಲವೆಡೆ ಇನ್ನೂ ಹೆಚ್ಚು. ಅನಿಲ ಅಲ್ಲಿರುವುದು ಕೆಲವು ಸೆಕೆಂಡು ಮಾತ್ರ. ತಿರುಗುವ ಭಾಗ ಒಂದೂ ಇಲ್ಲ. ನೋಡಲು ಇಷ್ಟು ಸರಳವಾದ ಯಂತ್ರ ರಾಸಾಯನಿಕ ಉದ್ಯಮದಲ್ಲಿ ಇನ್ನೊಂದು ಸಿಗಲಿಕ್ಕಿಲ್ಲ.

ಕಷ್ಟವೆಲ್ಲ ಎರಡು ತುದಿಗಳಲ್ಲಿದೆ. ಮೇಲಿನ ತುದಿಯಲ್ಲಿ ಶುದ್ಧ ಆಮ್ಲಜನಕ ಮತ್ತು ಅನಿಲ ಒಂದನ್ನೊಂದು ಎದುರಾಗುತ್ತವೆ. ಬರ್ನರಿನ ಮೂತಿಗೆ ನೀರು ಹಾಯಿಸಿ ತಂಪಾಗಿಡದಿದ್ದರೆ ಅದೇ ಕರಗುತ್ತದೆ. ಆಮ್ಲಜನಕ ಒಂದು ಕ್ಷಣ ಹೆಚ್ಚಾದರೆ ಅನಾಹುತ, ಆದ್ದರಿಂದ ಸ್ವಲ್ಪ ಅನುಮಾನ ಬಂದರೂ ಇಡೀ ಘಟಕ ತಾನೇ ‘ಟ್ರಿಪ್’ ಆಗುವಂತೆ ಕಟ್ಟಿರುತ್ತಾರೆ. ಕೆಳಗಿನ ತುದಿಯಲ್ಲಿ ಅನಿಲವನ್ನು ತಣ್ಣಗೆ ಮಾಡಬೇಕು. ತಣಿಯುವಾಗ ಎರಡು ಮೊನಾಕ್ಸೈಡ್ ಅಣುಗಳು ಸೇರಿ ಒಂದು ಡೈಆಕ್ಸೈಡ್ ಆಗಿ, ಒಂದು ಇಂಗಾಲವನ್ನು ಮಸಿಯಾಗಿ ಉದುರಿಸಿಬಿಡಬಲ್ಲವು. ಬೂದುವಾರ್ ಎಂಬ ಫ್ರೆಂಚ್ ರಸಾಯನ ವಿಜ್ಞಾನಿಯ ಹೆಸರಿನ ಕ್ರಿಯೆ ಇದು. ಉಷ್ಣತೆ 450ರಿಂದ 800 ಡಿಗ್ರಿಯ ನಡುವೆ ಇದ್ದಾಗ ಇದೇ ಮೊನಾಕ್ಸೈಡ್ ಉಕ್ಕಿನೊಳಗೆ ಇಂಗಾಲ ತೂರಿಸಿ, ಲೋಹವನ್ನು ಗೆದ್ದಲು ತಿಂದಂತೆ ಪುಡಿ ಮಾಡುತ್ತದೆ. ಅಮೆರಿಕದ ಟೆಕ್ಸಾಕೊ ಕಂಪನಿ ಅನಿಲವನ್ನು ನೇರ ನೀರಿಗೆ ಮುಳುಗಿಸಿ ಈ ವಲಯವನ್ನು ದಾಟಿಸಿತು. ಶೆಲ್ ಕಂಪನಿ ಸುರುಳಿ ಕೊಳವೆಗಳ ಬಾಯ್ಲರಿನಲ್ಲಿ ಹಾಯಿಸಿ ಆ ಶಾಖದಿಂದ ಉಗಿ ಪಡೆಯಿತು. ಎರಡೂ 1940–50ರ ದಶಕಗಳ ಕೂಸುಗಳು, ಇಂದಿಗೂ ಬದುಕಿವೆ.

ಕ್ರಿಯಾವರ್ಧಕ ಇಲ್ಲದಿರುವುದರಲ್ಲಿ ಒಂದು ಲಾಭವಿದೆ. ನಿಕಲ್ಲಿಗೆ ಗಂಧಕ ಸೋಕಿದರೆ ವಿಷ, ಭಾರವಾದ ಎಣ್ಣೆ ಸೋಕಿದರೆ ಮಸಿ ಕಟ್ಟುತ್ತದೆ. ಜ್ವಾಲೆಗೆ ಆ ಮಡಿಯಿಲ್ಲ. ಭೃಗುವಿನ ಶಾಪದಿಂದ ಅಗ್ನಿ ಸರ್ವಭಕ್ಷಕನಾದನಂತೆ. ಗ್ಯಾಸಿಫೈಯರ್ ಕೂಡ ಅನಿಲ, ನಾಫ್ತಾ, ತಳದ ಎಣ್ಣೆ, ಡಾಂಬರು ಎಲ್ಲವನ್ನೂ ತಿನ್ನುತ್ತದೆ.

ಈಗ ಲೆಕ್ಕಕ್ಕೆ ಒಂದು ತಿದ್ದುಪಡಿ. 36 ಕಿಲೋಜೂಲ್ ಶಾಖ ಹುಟ್ಟಿದ ಅನಿಲವನ್ನು ಸುಮಾರು 400 ಡಿಗ್ರಿ ಮೇಲಕ್ಕೆ ಏರಿಸಬಲ್ಲದು, ಅಷ್ಟೆ. ಬೇಕಾದ್ದು 1300. ಒಳಬರುವ ಅನಿಲವನ್ನು ಮೊದಲೇ ಕಾಯಿಸಿದರೂ ಸಾಲದು. ಹಾಗಾಗಿ ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚು ಮೀಥೇನನ್ನು ಪೂರ್ತಿ ಉರಿಸಬೇಕಾಗುತ್ತದೆ. ಪುಸ್ತಕದ 16 ಗ್ರಾಂ ಆಮ್ಲಜನಕ ಕಾರ್ಖಾನೆಯಲ್ಲಿ 20 ಗ್ರಾಂ ದಾಟುತ್ತದೆ. ಒಂದು ಪಾಲು ಮೊನಾಕ್ಸೈಡಿಗೆ ಎರಡು ಪಾಲು ಜಲಜನಕ ಬರಬೇಕಾದಲ್ಲಿ 1.7, 1.8 ಬರುತ್ತದೆ.

ಇದಕ್ಕೆ ಎದುರಾಳಿ ವಿಧಾನ ಉಗಿ ಸುಧಾರಣೆ. ಮೀಥೇನನ್ನು ನೀರಾವಿಯ ಜೊತೆ ಸೇರಿಸಿ, ನಿಕಲ್ ತುಂಬಿದ ಕೊಳವೆಗಳಲ್ಲಿ ಹಾಯಿಸಿ, ಹೊರಗಿನಿಂದ ಕುಲುಮೆ ಉರಿಸಿ ಶಾಖ ಕೊಡುವುದು. ಅಲ್ಲಿ ಆಮ್ಲಜನಕ ಬೇಡ. ಜಗತ್ತಿನ ಹೆಚ್ಚಿನ ಜಲಜನಕ ಹುಟ್ಟುವುದು ಆ ದಾರಿಯಲ್ಲೇ. ಆದರೆ ಅಲ್ಲಿ ಒಂದು ಮೊನಾಕ್ಸೈಡಿಗೆ ಮೂರು ಜಲಜನಕ ಬರುತ್ತದೆ. ಅಮೋನಿಯಾ ಮಾಡುವವರಿಗೆ ಅದು ಹಬ್ಬ. ಡೀಸೆಲ್ ಮಾಡುವವರಿಗೆ ಬೇಕಾದ್ದು ಎರಡಕ್ಕಿಂತ ತುಸು ಮೇಲೆ, ಮೂರು ಎಂದರೆ ಹೊರೆ. ಆದ್ದರಿಂದ ಅನಿಲವನ್ನು ದ್ರವ ಇಂಧನ ಮಾಡಲು ಹೊರಟವರೆಲ್ಲ ಒಂದಲ್ಲ ಒಂದು ರೂಪದಲ್ಲಿ ಆಮ್ಲಜನಕದ ಮನೆ ಬಾಗಿಲಿಗೆ ಬಂದು ನಿಲ್ಲುತ್ತಾರೆ.

ಗಾಳಿಯನ್ನೇ ಊದಿದರೆ ಆಗದೆ ಎಂದು ಕೇಳಬಹುದು. ಆಗುತ್ತದೆ. ನಮ್ಮ ಅಜ್ಜಂದಿರು ಅದರಲ್ಲಿ ಪ್ರಯಾಣವನ್ನೇ ಮಾಡಿದ್ದಾರೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ಬರ ಬಂದಾಗ ನಮ್ಮ ರಸ್ತೆಗಳಲ್ಲಿ ಓಡಿದ ಇದ್ದಿಲು ಬಸ್ಸುಗಳ ಹಿಂಬದಿಯಲ್ಲಿದ್ದ ಡ್ರಮ್ಮು ಒಂದು ಗ್ಯಾಸಿಫೈಯರ್. ಇದ್ದಿಲಿಗೆ ಗಾಳಿ ಕಡಿಮೆ ಕೊಟ್ಟು, ಹುಟ್ಟಿದ ಮೊನಾಕ್ಸೈಡನ್ನು ಎಂಜಿನ್ನಿಗೆ ಎಳೆದುಕೊಳ್ಳುವುದು. ಘಾಟಿ ಏರುವಾಗ ಪ್ರಯಾಣಿಕರು ಕೆಳಗಿಳಿದು ನಡೆದ ಕಥೆಗಳನ್ನು ಹಿರಿಯರ ಬಾಯಲ್ಲಿ ಕೇಳಿದ್ದೇವೆ. ಎಂಜಿನ್ ಏದುಸಿರು ಬಿಡಲು ಕಾರಣ ಸಾರಜನಕ. ಗಾಳಿಯಲ್ಲಿ ಅದು ಶೇಕಡ 78. ಉರಿಯದು, ಉರಿಸದು, ಸುಮ್ಮನೆ ಜಾಗ ಹಿಡಿದು ಕೂರುತ್ತದೆ. ಬಸ್ಸಿನಲ್ಲಿ ಅದನ್ನು ಸಹಿಸಿಕೊಳ್ಳಬಹುದು. 1300 ಡಿಗ್ರಿಗೆ ಕಾಯಿಸಿ, ನಲವತ್ತು ಪಟ್ಟು ಒತ್ತಡಕ್ಕೆ ಹಿಂಡಬೇಕಾದ ಕಾರ್ಖಾನೆಯಲ್ಲಿ ಅಷ್ಟೊಂದು ದಂಡದ ಹೊರೆ ಹೊರಲಾಗದು.

ಹಾಗಾಗಿ ಗಾಳಿಯನ್ನು ಒಡೆಯಬೇಕು. ಜರ್ಮನಿಯ ಕಾರ್ಲ್ ಫಾನ್ ಲಿಂಡೆ 1895ರಲ್ಲಿ ದೊಡ್ಡ ಪ್ರಮಾಣದಲ್ಲಿ ಗಾಳಿಯನ್ನು ದ್ರವ ಮಾಡಿದ, 1902ರಲ್ಲಿ ಆ ದ್ರವವನ್ನು ಬಟ್ಟಿ ಇಳಿಸಿ ಆಮ್ಲಜನಕ ತೆಗೆದ. ಸಾರಜನಕ ಮೈನಸ್ 196 ಡಿಗ್ರಿಯಲ್ಲಿ ಕುದಿಯುತ್ತದೆ, ಆಮ್ಲಜನಕ ಮೈನಸ್ 183ರಲ್ಲಿ. ಈ ಹದಿಮೂರು ಡಿಗ್ರಿಯ ಅಂತರವನ್ನು ನಂಬಿಕೊಂಡು ಇಡೀ ಉದ್ಯಮ ನಿಂತಿದೆ. ಒಂದು ಟನ್ ಆಮ್ಲಜನಕಕ್ಕೆ ಸುಮಾರು 200ರಿಂದ 300 ಯೂನಿಟ್ ವಿದ್ಯುತ್ತು. ಅದನ್ನು ಗ್ಯಾಸಿಫೈಯರಿನ ಒತ್ತಡಕ್ಕೆ ಏರಿಸುವ ಖರ್ಚು ಬೇರೆ. ಅನಿಲದಿಂದ ಡೀಸೆಲ್ ಮಾಡುವ ಸ್ಥಾವರದ ಬಂಡವಾಳದಲ್ಲಿ ಅರ್ಧ, ಕೆಲವೊಮ್ಮೆ ಅರ್ಧಕ್ಕೂ ಹೆಚ್ಚು, ಸಿಂಗ್ಯಾಸ್ ಮಾಡುವುದಕ್ಕೇ ಹೋಗುತ್ತದೆ, ಅದರಲ್ಲಿ ಆಮ್ಲಜನಕದ್ದು ದೊಡ್ಡ ಪಾಲು.

ಈ ಖರ್ಚಿನ ಭಾರ ಮೊದಲು ಗೊತ್ತಾದದ್ದು ಅಮೆರಿಕದ ಟೆಕ್ಸಾಸಿನ ಬ್ರೌನ್ಸ್‌ವಿಲ್‌ನಲ್ಲಿ. ಯುದ್ಧ ಮುಗಿದ ಮೇಲೆ ಅಲ್ಲಿನ ಅನಿಲಕ್ಕೆ ಕೇಳುವವರಿರಲಿಲ್ಲ. ಅದನ್ನು ಅರೆ ಉರಿಗೆ ಒಡ್ಡಿ ಪೆಟ್ರೋಲ್ ಮಾಡೋಣ ಎಂದು ಕಾರ್ತೇಜ್ ಹೈಡ್ರೋಕಾಲ್ ಎಂಬ ಕಂಪನಿ ಹೊರಟಿತು. ಅಂದಿನ ಕಾಲಕ್ಕೆ ಬಹುದೊಡ್ಡದಾದ ಆಮ್ಲಜನಕ ಘಟಕವನ್ನು ಕಟ್ಟಿತು. 1950ರ ದಶಕದ ಆರಂಭದಲ್ಲಿ ಕಾರ್ಖಾನೆ ನಡೆಯತೊಡಗಿತು. ಅಷ್ಟರಲ್ಲಿ ಟೆಕ್ಸಾಸಿನ ಅನಿಲಕ್ಕೆ ಕೊಳವೆ ಮಾರ್ಗಗಳ ಮೂಲಕ ಗಿರಾಕಿಗಳು ಸಿಕ್ಕಿದ್ದರು, ಬೆಲೆ ಏರಿತ್ತು. ಪಶ್ಚಿಮ ಏಷ್ಯಾದ ಕಚ್ಚಾತೈಲ ಅಗ್ಗವಾಗಿ ಹರಿಯುತ್ತಿತ್ತು. ಆ ದಶಕದಲ್ಲೇ ಬಾಗಿಲು ಬಿತ್ತು. ಅನಿಲ ಬಿಟ್ಟಿಯಾಗಿದ್ದಾಗ ಆಮ್ಲಜನಕದ ಖರ್ಚನ್ನು ಹೇಗೋ ನುಂಗಬಹುದು. ಅನಿಲಕ್ಕೂ ಬೆಲೆ ಬಂದಾಗ ನುಂಗಲಾಗುವುದಿಲ್ಲ. ಈ ಮಾತು ಆಮೇಲಿನ ಎಲ್ಲ ಯೋಜನೆಗಳಿಗೂ ಅನ್ವಯಿಸಿತು.

ನಲವತ್ತು ವರ್ಷ ಬಿಟ್ಟು, 1993ರಲ್ಲಿ, ಮಲೇಷ್ಯಾದ ಸರವಾಕ್ ರಾಜ್ಯದ ಬಿಂತುಲುವಿನಲ್ಲಿ ಶೆಲ್ ಮತ್ತೆ ಪ್ರಯತ್ನಿಸಿತು. ದಿನಕ್ಕೆ 12,500 ಬ್ಯಾರೆಲ್ ಸಾಮರ್ಥ್ಯ. ಸಮುದ್ರದಡಿಯ ಅನಿಲ, ಅರೆ ಉರಿ, ಕೋಬಾಲ್ಟ್ ಕ್ರಿಯಾವರ್ಧಕ, ಗಂಧಕದ ಸೋಂಕೇ ಇಲ್ಲದ ಡೀಸೆಲ್ ಮತ್ತು ಮೇಣ. ಅಲ್ಲಿ ನಡೆದ ಸಂಗತಿಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಎಂಜಿನಿಯರಿಂಗ್ ಓದುವ ಪ್ರತಿಯೊಬ್ಬರೂ ಇದನ್ನು ತಿಳಿದಿರಬೇಕೆಂದು ನನ್ನ ಹಟ.

1997 ಎಲ್ ನಿನೋ ವರ್ಷ. ಮಳೆ ಕೈಕೊಟ್ಟಿತು. ಸುಮಾತ್ರಾ ಮತ್ತು ಕಾಲಿಮಂತಾನದಲ್ಲಿ ಕಾಡು ಕಡಿದು ತೋಟ ಮಾಡಲು ಹಚ್ಚಿದ ಬೆಂಕಿ ಕೈಮೀರಿ, ಜವುಗು ನೆಲದ ಪೀಟ್ ಮಣ್ಣಿಗೂ ಹತ್ತಿ ತಿಂಗಳುಗಟ್ಟಲೆ ಉರಿಯಿತು. ಹೊಗೆ ಮಲೇಷ್ಯಾ, ಸಿಂಗಪುರಗಳನ್ನು ಮುಚ್ಚಿತು. ಸೆಪ್ಟೆಂಬರಿನಲ್ಲಿ ಸರವಾಕ್‌ನಲ್ಲಿ ತುರ್ತುಪರಿಸ್ಥಿತಿಯನ್ನೇ ಘೋಷಿಸಬೇಕಾಯಿತು. ಬಿಂತುಲುವಿನ ಆಮ್ಲಜನಕ ಘಟಕ ಆ ಗಾಳಿಯನ್ನೇ ಹೀರುತ್ತಿತ್ತು. ಅದಕ್ಕೆ ಬೇರೆ ಗಾಳಿ ಎಲ್ಲಿದೆ? ಸೋಸುವ ವ್ಯವಸ್ಥೆ ಇತ್ತು, ಆದರೆ ಹೊಗೆಯ ಅತಿ ಸಣ್ಣ ಕಣಗಳು ಅದನ್ನು ದಾಟಿದವು. ದಾಟಿ, ದ್ರವ ಆಮ್ಲಜನಕ ಕುದಿಯುವ ಅಲ್ಯೂಮಿನಿಯಂ ಶಾಖ ವಿನಿಮಯಕದ ಕಿರಿದಾದ ಸಂದುಗಳಲ್ಲಿ ಕುಳಿತವು. ಸಂದು ಕಟ್ಟಿದಲ್ಲಿ ದ್ರವ ಆರುತ್ತದೆ, ಉರಿಯಬಲ್ಲ ಕಲ್ಮಶ ಗಟ್ಟಿಯಾಗುತ್ತದೆ. ಶುದ್ಧ ಆಮ್ಲಜನಕದ ನಡುವೆ ಕುಳಿತ ಎಣ್ಣೆಯಂಶಕ್ಕೆ ಕಿಡಿ ತಾಗಲು ದೊಡ್ಡ ನೆಪ ಬೇಕಿಲ್ಲ. ಅದು ಹೊತ್ತಿಕೊಂಡಾಗ ಸುತ್ತಲಿನ ಅಲ್ಯೂಮಿನಿಯಂ ಕೂಡ ಉರಿಯಿತು. ಹೌದು, ನಾವು ಪಾತ್ರೆ ಮಾಡುವ ಲೋಹವೇ. ಆಮ್ಲಜನಕದಲ್ಲಿ ಅದು ಭೀಕರ ಇಂಧನ. ಆ ಶಾಖಕ್ಕೆ ಮೈನಸ್ 183 ಡಿಗ್ರಿಯ ದ್ರವ ಒಮ್ಮೆಲೇ ಆವಿಯಾಯಿತು. 1997ರ ಡಿಸೆಂಬರ್ 25ರ ರಾತ್ರಿ ಘಟಕ ಸ್ಫೋಟಿಸಿತು.

ಸುದೈವದಿಂದ ಯಾರೂ ಸಾಯಲಿಲ್ಲ. ಕೆಲವರಿಗೆ ಗಾಯವಾಯಿತು. ಕಾರ್ಖಾನೆ ಮತ್ತೆ ಶುರುವಾದದ್ದು 2000ದಲ್ಲಿ. ಗ್ಯಾಸಿಫೈಯರಿನ 1300 ಡಿಗ್ರಿಯ ಜ್ವಾಲೆಯನ್ನು ಹದ್ದುಬಸ್ತಿನಲ್ಲಿ ಇಟ್ಟಿದ್ದ ಕಾರ್ಖಾನೆಯನ್ನು ನೂರಾರು ಮೈಲು ದೂರದ ಕಾಡಿನ ಬೆಂಕಿ ಹೊಡೆಯಿತು. ಅದೂ ಇಡೀ ಆವರಣದಲ್ಲೇ ಅತ್ಯಂತ ತಣ್ಣಗಿದ್ದ ಜಾಗದಲ್ಲಿ. ಗಾಳಿ ಬಿಟ್ಟಿ ಎಂದು ಲೆಕ್ಕಪತ್ರದಲ್ಲಿ ಬರೆದುಕೊಳ್ಳುವವರು ಗಾಳಿ ಯಾವಾಗಲೂ ಒಂದೇ ರೀತಿ ಇರುತ್ತದೆ ಎಂದೂ ಊಹಿಸಿಕೊಂಡಿರುತ್ತಾರೆ. ಬಿಂತುಲುವಿನ ನಂತರ ಆಮ್ಲಜನಕ ಘಟಕಗಳ ವಿನ್ಯಾಸದಲ್ಲಿ, ಹೊರಗಿನ ಗಾಳಿಯ ಮೇಲೆ ಕಣ್ಣಿಡುವ ಕ್ರಮದಲ್ಲಿ ಜಗತ್ತಿನಾದ್ಯಂತ ಬಿಗಿ ಬಂತು.

ಅಲ್ಲಿ ಕಲಿತದ್ದನ್ನೆಲ್ಲ ದೊಡ್ಡದಾಗಿ ಕಟ್ಟಿದ್ದು ಕತಾರಿನ ರಾಸ್ ಲಫಾನ್‌ನಲ್ಲಿ. ‘ಪರ್ಲ್’ ಎಂಬ ಈ ಸ್ಥಾವರದಿಂದ ಮೊದಲ ಸರಕು ಹೊರಟದ್ದು 2011ರಲ್ಲಿ. ದಿನಕ್ಕೆ 1,40,000 ಬ್ಯಾರೆಲ್ ದ್ರವ ಉತ್ಪನ್ನ, 18 ಗ್ಯಾಸಿಫೈಯರುಗಳು, 24 ಸಂಶ್ಲೇಷಣಾ ಪಾತ್ರೆಗಳು. ಖರ್ಚು 1,800 ಕೋಟಿ ಡಾಲರಿನ ಮೇಲೆ. ಕಟ್ಟುವ ಕೆಲಸ ತುರುಸಾಗಿದ್ದಾಗ ಐವತ್ತು ಸಾವಿರಕ್ಕೂ ಹೆಚ್ಚು ಜನ ಅಲ್ಲಿ ದುಡಿದರು. ನಮ್ಮ ಕರಾವಳಿಯ ಎಷ್ಟೋ ಮನೆಗಳಿಗೆ ಕತಾರಿನ ನಂಟಿದೆ, ಈ ಸಭೆಯಲ್ಲೂ ಅಲ್ಲಿ ಬೆವರು ಹರಿಸಿದವರೋ ಅವರ ಮಕ್ಕಳೋ ಇರಬಹುದು.

ಪರ್ಲ್‌ನ ಆಮ್ಲಜನಕದ ಅಂಕಿ ಕೇಳಿ. ಲಿಂಡೆಯ ಹೆಸರಿನ ಕಂಪನಿಯೇ ಕಟ್ಟಿದ ಎಂಟು ಘಟಕಗಳು ಸೇರಿ ದಿನಕ್ಕೆ ಸುಮಾರು 29,000 ಟನ್. ಈ ಸಂಖ್ಯೆಯ ಗಾತ್ರ ತಿಳಿಯಬೇಕಾದರೆ 2021ರ ಮೇ ತಿಂಗಳನ್ನು ನೆನೆಯಿರಿ. ಕೋವಿಡ್ ಎರಡನೆಯ ಅಲೆಯ ತುದಿಯಲ್ಲಿ ಇಡೀ ಭಾರತದ ಆಸ್ಪತ್ರೆಗಳಿಗೆ ಹೋದ ಆಮ್ಲಜನಕ ದಿನಕ್ಕೆ 9,000 ಟನ್ನಿನ ಆಸುಪಾಸು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಿಂದ ಟ್ಯಾಂಕರುಗಳು ಹೊರಟದ್ದನ್ನು ನಾವು ಟೀವಿಯಲ್ಲಿ ನೋಡುತ್ತಾ ಕುಳಿತ ದಿನಗಳು ಅವು. ಅದರ ಮೂರು ಪಟ್ಟು ಆಮ್ಲಜನಕವನ್ನು ಮರಳುಗಾಡಿನ ಒಂದು ಕಾರ್ಖಾನೆ ಪ್ರತಿದಿನ ಕುಡಿಯುತ್ತದೆ.

ಪರ್ಲ್ ಗೆದ್ದಿತು, ಆದರೆ ಅದರಂಥದ್ದು ಇನ್ನೊಂದು ಏಳಲಿಲ್ಲ. ಅಮೆರಿಕದ ಲೂಸಿಯಾನಾದಲ್ಲಿ ಕಟ್ಟಬೇಕೆಂದಿದ್ದ ತನ್ನ ಯೋಜನೆಯನ್ನು ಶೆಲ್ 2013ರ ಡಿಸೆಂಬರಿನಲ್ಲಿ ಕೈಬಿಟ್ಟಿತು. ಅನಿಲವನ್ನು ತಣಿಸಿ ಎಲ್‌ಎನ್‌ಜಿ ಮಾಡಿ ಹಡಗಿಗೆ ತುಂಬುವುದು ಸುಲಭ ಎಂದು ಅನಿಲ ಇರುವವರಿಗೆಲ್ಲ ಅನ್ನಿಸತೊಡಗಿತ್ತು.

ನಮ್ಮ ದೇಶಕ್ಕೆ ಬರೋಣ. ಅರೆ ಉರಿ ನಮಗೆ ಹೊಸತಲ್ಲ, ಆದರೆ ನಾವು ಅದಕ್ಕೆ ಉಣಿಸಿದ್ದು ಬೇರೆ. ಎಪ್ಪತ್ತರ ದಶಕದಲ್ಲಿ ರಸಗೊಬ್ಬರ ಕಾರ್ಖಾನೆಗಳನ್ನು ಯೋಜಿಸಿದಾಗ ಸಂಸ್ಕರಣಾಗಾರಗಳ ತಳದ ಎಣ್ಣೆ ಅಗ್ಗವಾಗಿ ಸಿಗುತ್ತದೆ ಎಂಬ ಭರವಸೆಯಿತ್ತು. ಪಾಣಿಪತ್, ಬಠಿಂಡಾ, ನಂಗಲ್‌ಗಳ ಕಾರ್ಖಾನೆಗಳು, ಆಮೇಲೆ ಗುಜರಾತಿನ ಭರೂಚ್‌ನದು, ಆ ಎಣ್ಣೆಯನ್ನು ಆಮ್ಲಜನಕದಲ್ಲಿ ಅರೆ ಉರಿಸಿ ಅಮೋನಿಯಾ ಮಾಡಿದವು. ಎಣ್ಣೆ ಅಗ್ಗವಾಗಿ ಉಳಿಯಲಿಲ್ಲ. ಪಾಣಿಪತ್, ಬಠಿಂಡಾ, ನಂಗಲ್ ಮೂರೂ 2013ರ ಹೊತ್ತಿಗೆ ನೈಸರ್ಗಿಕ ಅನಿಲಕ್ಕೆ ಬದಲಾದವು. ಅನಿಲ ಬಂದ ಕೂಡಲೇ ಅವು ಅರೆ ಉರಿಯನ್ನು ಬಿಟ್ಟು ಉಗಿ ಸುಧಾರಣೆಗೆ ಹೋದವು. ನನಗೆ ಅದು ಸರಿಯಾಗಿಯೇ ಕಂಡಿತು. ಹಗುರ ಅನಿಲ ಕೈಯಲ್ಲಿದ್ದು, ಬೇಕಾದ್ದು ಬರೀ ಜಲಜನಕವಾದರೆ, ಗಾಳಿ ಒಡೆಯುವ ಪಾಡು ಯಾರಿಗೆ ಬೇಕು?

ಪಣಂಬೂರಿನ ಮಂಗಳೂರು ಕೆಮಿಕಲ್ಸ್ ಅಂಡ್ ಫರ್ಟಿಲೈಸರ್ಸ್ ಕಾರ್ಖಾನೆ ನಾಫ್ತಾ ಬಳಸಿ ಯೂರಿಯಾ ಮಾಡುತ್ತಿತ್ತು. ಕೊಚ್ಚಿ–ಮಂಗಳೂರು ಕೊಳವೆ ಮಾರ್ಗ 2021ರ ಜನವರಿಯಲ್ಲಿ ಉದ್ಘಾಟನೆಯಾಯಿತು. ಕಾರ್ಖಾನೆ ಅನಿಲಕ್ಕೆ ಹೊರಳಿತು. ಅಲ್ಲಿಯದೂ ಉಗಿ ಸುಧಾರಣೆಯ ದಾರಿ. ಆದರೆ ಇಂಥ ಅಮೋನಿಯಾ ಸ್ಥಾವರಗಳಲ್ಲಿ ಎರಡನೆಯ ರಿಫಾರ್ಮರ್ ಎಂಬ ಪಾತ್ರೆಯೊಂದಿರುತ್ತದೆ. ಅದರೊಳಗೆ ಗಾಳಿ ಊದಿ, ಉಳಿದ ಅನಿಲದ ಒಂದು ಪಾಲನ್ನು ಉರಿಸುತ್ತಾರೆ. ಬಸ್ಸಿನಲ್ಲಿ ಹೊರೆಯಾಗಿದ್ದ ಸಾರಜನಕ ಇಲ್ಲಿ ಬೇಕಾದ ಅತಿಥಿ, ಅಮೋನಿಯಾಕ್ಕೆ ಅದೇ ತಾನೆ ಕಚ್ಚಾ ಸರಕು. ಅರೆ ಉರಿಗೆ ಗಾಳಿಯನ್ನು ಹಾಗೆಯೇ ಕೊಡಬಹುದಾದ ಕೆಲವೇ ಜಾಗಗಳಲ್ಲಿ ಇದೊಂದು.

ಇಂದು ಭಾರತದಲ್ಲಿ ಆಮ್ಲಜನಕದ ಅರೆ ಉರಿ ದೊಡ್ಡದಾಗಿ ನಡೆಯುತ್ತಿರುವುದು ಜಾಮ್‌ನಗರದಲ್ಲಿ. ಅಲ್ಲಿನ ಸಂಸ್ಕರಣಾಗಾರ ತನ್ನ ಕೊನೆಯ ಕಸವಾದ ಪೆಟ್ರೋಲಿಯಂ ಕೋಕನ್ನು ಸಿಂಗ್ಯಾಸ್ ಮಾಡುತ್ತದೆ. ಈ ಬಗೆಯಲ್ಲಿ ಜಗತ್ತಿನ ಬಲು ದೊಡ್ಡ ಸ್ಥಾವರಗಳಲ್ಲಿ ಅದೂ ಒಂದು. ನೈಸರ್ಗಿಕ ಅನಿಲದ ಮಾತು ಬಂದರೆ, ನಾವು ಬಳಸುವುದರಲ್ಲಿ ಹೆಚ್ಚುಕಡಿಮೆ ಅರ್ಧವನ್ನು ಎಲ್‌ಎನ್‌ಜಿ ರೂಪದಲ್ಲಿ ತರಿಸಿಕೊಳ್ಳುತ್ತೇವೆ. ಕತಾರಿನಲ್ಲಿ ಮೈನಸ್ 162 ಡಿಗ್ರಿಗೆ ತಣಿಸಿ, ಹಡಗಿನಲ್ಲಿ ತಂದು, ಇಲ್ಲಿ ಕಾಯಿಸಿ, ಅದರ ಕಾಲುಭಾಗಕ್ಕೂ ಹೆಚ್ಚನ್ನು ಉರಿಸಿ ಡೀಸೆಲ್ ಮಾಡೋಣ ಎಂದು ಯಾರಾದರೂ ಯೋಜನಾ ವರದಿ ತಂದರೆ ಅದನ್ನು ಮಡಚಿ ಹಿಂದಕ್ಕೆ ಕೊಡುವುದೇ ಲೇಸು.

ಈಚೆಗೆ ಅರೆ ಉರಿಗೆ ಹೊಸ ಗಿರಾಕಿ ಹುಟ್ಟಿದ್ದಾನೆ. ಅನಿಲದಿಂದ ಜಲಜನಕ ಮಾಡಿ, ಹುಟ್ಟುವ ಡೈಆಕ್ಸೈಡನ್ನು ಹಿಡಿದು ನೆಲದಡಿ ಹೂಳುವುದು, ಅದಕ್ಕೆ ‘ನೀಲಿ’ ಎಂದು ಹೆಸರು. ಉಗಿ ಸುಧಾರಣೆಯಲ್ಲಿ ಹೊರಗಿನ ಕುಲುಮೆಯ ಚಿಮಣಿಯಿಂದ ತೆಳುವಾದ ಹೊಗೆಯಾಗಿ ಹೋಗುವ ಡೈಆಕ್ಸೈಡನ್ನು ಹಿಡಿಯುವುದು ಕಷ್ಟ. ಅರೆ ಉರಿಯಲ್ಲಿ ಉರಿಯೆಲ್ಲ ಪಾತ್ರೆಯ ಒಳಗೇ ಇರುವುದರಿಂದ ಡೈಆಕ್ಸೈಡ್ ಪೂರ್ತಿ ಒಂದೇ ಕೊಳವೆಯಲ್ಲಿ, ಒತ್ತಡದಲ್ಲೇ ಬರುತ್ತದೆ. ತಾಂತ್ರಿಕವಾಗಿ ಇದು ನಿಜವಾದ ಅನುಕೂಲ. ಬಾವಿಯಿಂದ ಕಾರ್ಖಾನೆಯವರೆಗಿನ ದಾರಿಯಲ್ಲಿ ಸೋರುವ ಮೀಥೇನಿನ ಲೆಕ್ಕ ಕೊಡದೆ ಬಣ್ಣದ ಹೆಸರನ್ನು ಮಾತ್ರ ಹೇಳುವವರ ಬಗ್ಗೆ ನನಗೆ ಅನುಮಾನವಿದೆ.

ನನ್ನ ಕುತೂಹಲ ಇರುವುದು ಬೇರೆ ಕಡೆ. 2023ರ ಜನವರಿಯಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟ ಹಸಿರು ಹೈಡ್ರೋಜನ್ ಮಿಷನ್ 2030ರ ಹೊತ್ತಿಗೆ ವರ್ಷಕ್ಕೆ 50 ಲಕ್ಷ ಟನ್ ಜಲಜನಕದ ಗುರಿ ಇಟ್ಟುಕೊಂಡಿದೆ. ನೀರನ್ನು ವಿದ್ಯುತ್ತಿನಿಂದ ಒಡೆಯುವ ದಾರಿ. ಒಂದು ಕಿಲೋ ಜಲಜನಕದ ಜೊತೆ ಎಂಟು ಕಿಲೋ ಆಮ್ಲಜನಕ ಹುಟ್ಟುತ್ತದೆ. ಗುರಿ ಮುಟ್ಟಿದರೆ ವರ್ಷಕ್ಕೆ ನಾಲ್ಕು ಕೋಟಿ ಟನ್, ದಿನಕ್ಕೆ ಒಂದು ಲಕ್ಷ ಟನ್ನಿನ ಮೇಲೆ. ಪರ್ಲ್ ಕುಡಿಯುವುದರ ಮೂರೂಮುಕ್ಕಾಲು ಪಟ್ಟು. ಇದನ್ನು ಸಾಮಾನ್ಯವಾಗಿ ಗಾಳಿಗೆ ಬಿಟ್ಟುಬಿಡುತ್ತಾರೆ. ಯಾವ ವಸ್ತುವಿನ ಖರ್ಚಿಗೆ ಬ್ರೌನ್ಸ್‌ವಿಲ್ ಕುಸಿಯಿತೋ, ಯಾವುದಕ್ಕಾಗಿ ಪರ್ಲ್‌ನಲ್ಲಿ ಎಂಟು ಘಟಕ ನಿಂತವೋ, ಆ ವಸ್ತು.

ಆ ಆಮ್ಲಜನಕಕ್ಕೆ ತಿನ್ನಿಸಲು ನಮ್ಮಲ್ಲಿ ಸಾಲುವಷ್ಟು ಅನಿಲವಿಲ್ಲ, ನಿಜ. ಆದರೆ ಹೊಲದ ಕಡ್ಡಿ, ತೆಂಗಿನ ಚಿಪ್ಪು, ಕಬ್ಬಿನ ಸಿಪ್ಪೆ ಇವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಕಟ್ಟಿಗೆಯ ಅರೆ ಉರಿಯನ್ನು ಎಂಬತ್ತರ ದಶಕದಿಂದ ಬೆನ್ನು ಹತ್ತಿದ್ದಾರೆ. ತುಮಕೂರು ಜಿಲ್ಲೆಯ ಹೊಸಹಳ್ಳಿಯಲ್ಲಿ 1988ರಲ್ಲಿ ಅವರು ಇಟ್ಟ ಗ್ಯಾಸಿಫೈಯರ್ ಊರಿಗೆ ದೀಪ ಕೊಟ್ಟಿತ್ತು. ಗಾಳಿಯ ಬದಲು ಆಮ್ಲಜನಕ ಮತ್ತು ಉಗಿ ಕೊಟ್ಟು ಒಂದು ಕಿಲೋ ಜೀವರಾಶಿಯಿಂದ ನೂರು ಗ್ರಾಂ ಜಲಜನಕ ಪಡೆಯಬಹುದೆಂದು 2022ರಲ್ಲಿ ಅದೇ ಸಂಸ್ಥೆಯವರು ತಿಳಿಸಿದರು. ಜಲಜನಕವನ್ನು ಬೇರ್ಪಡಿಸದೆ ಸಿಂಗ್ಯಾಸನ್ನೇ ಇಟ್ಟುಕೊಂಡರೆ ಮೆಥನಾಲ್ ಮಾಡಬಹುದು. ನೀರೊಡೆದ ಜಲಜನಕಕ್ಕೆ ಇಲ್ಲದಿರುವ ಇಂಗಾಲ ಅದರಲ್ಲಿದೆ.

ಅಡ್ಡಿಗಳೂ ಇವೆ, ಮುಚ್ಚಿಡುವುದಿಲ್ಲ. ನೀರೊಡೆಯುವ ಯಂತ್ರ ಬಿಸಿಲಿನ ಜೊತೆ ಏಳುತ್ತದೆ, ಸಂಜೆ ಮಲಗುತ್ತದೆ. ಗ್ಯಾಸಿಫೈಯರಿಗೆ ಹಗಲು ರಾತ್ರಿ ಒಂದೇ ಸಮ ಆಮ್ಲಜನಕ ಬೇಕು. ಕೂಡಿಡಬೇಕೆಂದರೆ ದ್ರವ ಮಾಡಬೇಕು, ಅದಕ್ಕೆ ಮತ್ತೆ ವಿದ್ಯುತ್ತು. ಜಲಜನಕದ ಘಟಕಗಳು ಬಂದರಿನ ಬಳಿ ಬರುತ್ತಿವೆ, ಕಬ್ಬಿನ ಸಿಪ್ಪೆ ಇರುವುದು ಮಂಡ್ಯದಲ್ಲಿ, ಬೆಳಗಾವಿಯಲ್ಲಿ. ಸಕ್ಕರೆ ಕಾರ್ಖಾನೆಯ ಬೇಲಿಯ ಪಕ್ಕದಲ್ಲೇ ನೀರೊಡೆಯುವ ಘಟಕವನ್ನೂ ಇಟ್ಟರೆ ಆಮ್ಲಜನಕದ ಕೊಳವೆ ಎಷ್ಟು ಉದ್ದ ಬೇಕಾಗುತ್ತದೆ, ರಾತ್ರಿಗೆ ಎಷ್ಟು ಕೂಡಿಟ್ಟರೆ ಸಾಕು, ಕಬ್ಬು ಅರೆಯದ ತಿಂಗಳುಗಳಲ್ಲಿ ಏನು ಮಾಡಬೇಕು ಎಂಬ ಲೆಕ್ಕವನ್ನು ಇಲ್ಲಿನ ಸ್ನಾತಕೋತ್ತರ ವಿದ್ಯಾರ್ಥಿಗಳಲ್ಲಿ ಯಾರಾದರೂ ಕೈಗೆತ್ತಿಕೊಂಡರೆ, ನನ್ನ ಬಳಿ ಇರುವ ಅಂಕಿಅಂಶಗಳನ್ನೆಲ್ಲ ಕೊಡುತ್ತೇನೆ.